ವೈಜಿನಾಥ ಆರಿಸಿದ ಕ್ಯಾಮೆರಾ

ಜಹೀರಾಬಾದಿನ ಸ್ಟೇಷನ್ ರಸ್ತೆಯಲ್ಲಿ ಬೆಲ್ಲದ ಅಂಗಡಿಗಳ ಸಾಲು ಮುಗಿದ ಮೇಲೆ ಒಂದು ಕೋಣೆ, ಅದರ ಮುಂದೆ ತಗಡಿನ ಚಪ್ಪರ. ಅಲ್ಲಿ ವೈಜಿನಾಥ ಫೋಟೋ ತೆಗೆಯುತ್ತಿದ್ದ. ಹೈದರಾಬಾದಿನ ಒಂದು ಸ್ಟುಡಿಯೋದಲ್ಲಿ ಏಳು ವರ್ಷ, ಫೋಟೋ ಮೂಡುವ ಗಾಜಿನ ಪ್ಲೇಟು ತೊಳೆದು ಕೆಲಸ ಕಲಿತವನು. ಮಾಲೀಕ ಹೊಸ ಕ್ಯಾಮೆರಾ ತರಿಸಿಕೊಂಡಾಗ ಹಳೆಯದನ್ನು ಪಡೆದುಕೊಂಡು ಊರಿಗೆ ಬಂದಿದ್ದ. ತೇಗದ ಪೆಟ್ಟಿಗೆ, ಚರ್ಮದ ತಿದಿ, ಮೂರು ಕಾಲು, ತಲೆಯ ಮೇಲೆ ಹೊದ್ದುಕೊಳ್ಳಲು ಕರಿಯ ಬಟ್ಟೆ. ಲೆನ್ಸಿನ ಬಾಯಿಗೆ ಹಿತ್ತಾಳೆಯ ಮುಚ್ಚಳ. ಅದನ್ನು ಕೈಯಿಂದ ತೆಗೆದು, ಏಕ್, ದೋ, ತೀನ್ ಎಂದು ಎಣಿಸಿ ಮತ್ತೆ ಮುಚ್ಚಿದರೆ ಫೋಟೋ ಆಯಿತು. ಅಷ್ಟು ಹೊತ್ತು ಎದುರಿಗಿದ್ದವರು ಅಲುಗಾಡಬಾರದು.

ಬದುಕಿದ್ದವರು ಅಲುಗಾಡುತ್ತಿದ್ದರು. ಎಷ್ಟು ಹೇಳಿದರೂ ಒಬ್ಬರು ನೊಣ ಓಡಿಸುವರು, ಒಬ್ಬರು ಪಕ್ಕದವರ ಕಡೆ ನೋಡುವರು. ಹುಡುಗರ ಮಾತಂತೂ ಬೇಡ. ವೈಜಿನಾಥನಿಗೆ ನೆಟ್ಟಗೆ ಕೆಲಸ ಸಿಗುತ್ತಿದ್ದುದು ಸಾವಿನ ಮನೆಗಳಲ್ಲಿ. ಆ ಕಡೆಯ ಲಿಂಗವಂತರ ಮನೆಗಳಲ್ಲಿ ತೀರಿಕೊಂಡವರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೂ ತೋಳಿಗೂ ವಿಭೂತಿ ಹಚ್ಚಿ, ಹೂವಿನ ಹಾರ ಹಾಕುತ್ತಿದ್ದರು. ಅನುಕೂಲವಿದ್ದವರು ಆಗ ವೈಜಿನಾಥನಿಗೆ ಆಳು ಕಳಿಸುತ್ತಿದ್ದರು. ಅವನು ಬಂಡಿಯಲ್ಲಿ ಮೂರು ಕಾಲು ಹೇರಿಕೊಂಡು ನಾರಾಯಣಖೇಡದ ತನಕ, ರೈಲಿನಲ್ಲಿ ತಾಂಡೂರಿನ ತನಕ ಹೋಗಿ ಬರುತ್ತಿದ್ದ. ಆ ಫೋಟೋಗಳು ಒಂದೂ ಕೆಡಲಿಲ್ಲ. ಮೀಸೆಯ ಕೂದಲು ಕೂದಲೂ ಕಾಣುತ್ತಿತ್ತು. ಎಷ್ಟೋ ಮನೆಗಳಲ್ಲಿ ಹಿರಿಯರದು ಅಂತ ಇದ್ದದ್ದು ಅದೊಂದೇ ಚಿತ್ರ.

ಅವನ ಹೆಂಡತಿ ಸುಗಲಾಬಾಯಿ ಎರಡು ಕೂಸು ಕಳೆದುಕೊಂಡವಳು. ಮೂರನೆಯದು ಹೆಣ್ಣು. ಇದಾದರೂ ಬಾಳಲಿ ಎಂದು ಬಾಳಮ್ಮ ಎಂದು ಹೆಸರಿಟ್ಟರು. ಬಾಳಮ್ಮ ನಕ್ಕರೆ ಮೂಗು ಸುಕ್ಕಾಗುತ್ತಿತ್ತು, ಮೈಯೆಲ್ಲ ಕುಲುಕುತ್ತಿತ್ತು. ಎರಡೂವರೆ ವರ್ಷದವಳಿದ್ದಾಗ ಶಿವರಾತ್ರಿಯ ದಿನ ಹೊಸ ಲಂಗ ಹಾಕಿ, ಚಪ್ಪರದ ಕೆಳಗೆ ಸ್ಟೂಲಿನ ಮೇಲೆ ಕೂರಿಸಿ ವೈಜಿನಾಥ ಮುಚ್ಚಳ ತೆಗೆದ. 'ದೋ' ಅನ್ನುವಷ್ಟರಲ್ಲಿ ಅವಳಿಗೆ ನಗು ಬಂತು. ಫೋಟೋದಲ್ಲಿ ಲಂಗದ ಅಂಚು, ಕಾಲ್ಗೆಜ್ಜೆ, ಸ್ಟೂಲಿನ ಮೊಳೆ ಎಲ್ಲ ಬಂದಿದ್ದವು. ಮುಖ ಇದ್ದ ಕಡೆ ಬರೀ ಹೊಗೆ. ಮತ್ತೊಂದು ದಿನ ತೆಗೆದರಾಯಿತು ಎಂದು ಇಬ್ಬರೂ ನಕ್ಕುಬಿಟ್ಟರು. ಪ್ಲೇಟು ದುಬಾರಿ, ಮತ್ತೊಂದು ದಿನ ಮುಂದಕ್ಕೆ ಹೋಗುತ್ತಲೇ ಹೋಯಿತು.

ಮರುವರ್ಷದ ಬೇಸಿಗೆಯಲ್ಲಿ ಊರಿಗೆ ಕಾಲರಾ ಬಂತು. ಬಾಳಮ್ಮ ಬೆಳಿಗ್ಗೆ ವಾಂತಿ ಮಾಡಿಕೊಂಡಳು, ಹೊತ್ತು ಇಳಿಯುವುದರೊಳಗೆ ಹೋದಳು.

ಕೂಸಿಗೆ ವಿಭೂತಿ ಹಚ್ಚಿ ಗೋಡೆಗೆ ಕೂರಿಸಿದ ಮೇಲೆ ಸುಗಲಾಬಾಯಿ ಗಂಡನ ಕಡೆ ತಿರುಗಿದಳು. ಅಳುತ್ತಿರಲಿಲ್ಲ.

“ಈಗ ಅಲುಗಾಡೂದಿಲ್ಲ. ತೆಗೀರಿ,” ಅಂದಳು.

ವೈಜಿನಾಥ ಮೂರು ಕಾಲು ನಿಲ್ಲಿಸಿ, ಬಟ್ಟೆ ಹೊದ್ದು, ಮುಚ್ಚಳ ತೆಗೆದು ಎಣಿಸಿದ. ಆ ಪ್ಲೇಟನ್ನು ತಾನೇ ತೊಳೆದ. ಅವನ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಚೊಕ್ಕಟವಾಗಿ ಬಂದ ಪ್ಲೇಟು ಇನ್ನೊಂದಿರಲಿಲ್ಲ, ರೆಪ್ಪೆಗಳನ್ನು ಎಣಿಸಬಹುದಾಗಿತ್ತು. ಅದನ್ನು ಕಾಗದಕ್ಕೆ ಇಳಿಸದೆ, ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟ. ಸುಗಲಾಬಾಯಿ ಎಂದೂ ಕೇಳಲಿಲ್ಲ.

ಅಲ್ಲಿಂದ ಮುಂದೆ ಅವನಿಗೆ ಸಾವಿನ ಮನೆಗೆ ಹೋಗಲು ಮನಸ್ಸು ಬಾರದಾಯಿತು. ಹೋಗುತ್ತಿದ್ದ, ಹೊಟ್ಟೆ ನಡೆಯಬೇಕಲ್ಲ. ಬದುಕಿದ್ದವರು ನಗುವಾಗ, ತಿರುಗುವಾಗ, ಓಡುವಾಗ ಹಿಡಿಯುವಂಥ ಕ್ಯಾಮೆರಾ ಇರುತ್ತದೆ ಎಂದು ಅವನಿಗೆ ಗೊತ್ತಿತ್ತು. ಹೈದರಾಬಾದಿನಲ್ಲಿ ದೊಡ್ಡ ಸಾಹೇಬರ ಕೈಯಲ್ಲಿ ನೋಡಿದ್ದ. ಅಂಥದ್ದೊಂದು ಬೇಕು ಎಂದು ಅವನು ತಾಂಡೂರಿನ ಹಣಮಯ್ಯನಿಗೆ ಹೇಳಿದ.

ಹಣಮಯ್ಯ ತಾಂಡೂರು ಸ್ಟೇಷನ್ನಿನಲ್ಲಿ ಪಾರ್ಸಲ್ ಬಾಬು. ಇಂಗ್ಲಿಷ್ ಓದಬಲ್ಲ. ವೈಜಿನಾಥನ ಪ್ಲೇಟಿನ ಪೆಟ್ಟಿಗೆಗಳು ಒಡೆಯದಂತೆ ಇಳಿಸಿಕೊಡುತ್ತ ಸ್ನೇಹಿತನಾದವನು. ಅವನು ಬೊಂಬಾಯಿಯ ಒಂದು ಅಂಗಡಿಗೆ ಬರೆದು, ಚಿತ್ರಗಳಿದ್ದ ಕ್ಯಾಟಲಾಗು ತರಿಸಿದ. ಪಾರ್ಸಲ್ ಕೋಣೆಯಲ್ಲಿ ಸಜ್ಜೆಯ ಮೂಟೆಗಳ ಮೇಲೆ ಕುಳಿತು ಒಂದೊಂದೇ ಸಾಲು ಓದಿ ಅರ್ಥ ಹೇಳುತ್ತಿದ್ದ. ವೈಜಿನಾಥ ಅದನ್ನು ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದ.

ಅವನಿಗೆ ಮೊದಲು ಅರ್ಥವಾಗದೆ ಕಾಡಿದ್ದು ಲೆನ್ಸಿನ ಅಂಕಿಗಳು. ನಾಲ್ಕೂವರೆ, ಎಂಟು, ಹದಿನಾರು ಎಂದೆಲ್ಲ ಇತ್ತು. ಅಂಕಿ ದೊಡ್ಡದಾದಷ್ಟೂ ತೂತು ಸಣ್ಣದು ಎಂದು ಬರೆದಿತ್ತು. ತಪ್ಪು ಅಚ್ಚಾಗಿರಬೇಕು ಎಂದು ಇಬ್ಬರೂ ಒಂದು ವಾರ ನಂಬಿದ್ದರು. ಕೊನೆಗೆ ವೈಜಿನಾಥ ಮನೆಯಲ್ಲಿ ರಟ್ಟಿನ ಬಿಲ್ಲೆಗಳನ್ನು ಕತ್ತರಿಸಿ, ಒಂದೊಂದರಲ್ಲಿ ಒಂದೊಂದು ಅಳತೆಯ ತೂತು ಕೊರೆದು, ತನ್ನ ಹಳೆಯ ಲೆನ್ಸಿನ ಬಾಯಿಗೆ ಹಚ್ಚಿ ನೋಡಿದ. ಸಣ್ಣ ಬಾಯಿಯ ಸೀಸೆ ತುಂಬಲು ಎಣ್ಣೆ ಹೆಚ್ಚು ಹೊತ್ತು ಹೊಯ್ಯಬೇಕು, ಅಗಲ ಬಾಯಿಯ ಗಡಿಗೆಗೆ ಒಂದೇ ಸಲಕ್ಕೆ ಸುರಿಯಬಹುದು. ಬೆಳಕಿನದೂ ಹಾಗೇ ಎಂದು ತಿಳಿಯಿತು. ತೂತು ಅಗಲವಾದರೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಸಾಕು. ಅಷ್ಟು ಕಡಿಮೆ ಹೊತ್ತನ್ನು ಕೈಯಿಂದ ಮುಚ್ಚಿ ತೆಗೆದು ಅಳೆಯಲು ಆಗುವುದಿಲ್ಲ. ಅದಕ್ಕೇ ಒಳಗೆ ತಾನಾಗಿ ತೆರೆದು ಮುಚ್ಚುವ ಕಬ್ಬಿಣದ ಎಲೆಗಳ ಷಟರ್ ಬೇಕು.

ಅಗಲ ಬಾಯಿಗೆ ಒಂದು ದೋಷ ಉಂಟೆಂದೂ ಕಂಡುಕೊಂಡ. ಸುಗಲಾಬಾಯಿ ಅಂಗಳದಲ್ಲಿ ಹೆಜ್ಜೆಗೊಂದರಂತೆ ಏಳು ಗಡಿಗೆಗಳನ್ನು ಬೋರಲು ಹಾಕಿಕೊಟ್ಟಳು. ಸಣ್ಣ ತೂತಿನಲ್ಲಿ ತೆಗೆದರೆ ಏಳೂ ಚೊಕ್ಕಟ. ಅಗಲ ತೂತಿನಲ್ಲಿ ತೆಗೆದರೆ ಅವನು ಗುರಿಯಿಟ್ಟ ಮೂರನೆಯದು ಮಾತ್ರ ಚೊಕ್ಕಟ, ಹಿಂದಿನವೂ ಮುಂದಿನವೂ ಮಸಕು. ಅಂದರೆ ಎದುರಿನವರು ಎಷ್ಟು ದೂರ ಇದ್ದಾರೆಂದು ಸರಿಯಾಗಿ ಅಳೆಯಬೇಕು. ಅವನು ನೂಲಿನ ಹುರಿಗೆ ಫೂಟಿಗೊಂದು ಗಂಟು ಹಾಕಿಕೊಂಡು, ದಾರಿಯಲ್ಲಿ ಹೋಗುವವರನ್ನು ನೋಡಿ ದೂರ ಊಹಿಸಿ ಆಮೇಲೆ ಅಳೆದು ನೋಡುತ್ತಿದ್ದ. ಬಾಳಮ್ಮ ಹೋದ ಮೇಲೆ ಗಂಡ ಹೀಗೆ ಒಂದರಲ್ಲಿ ಮನಸ್ಸಿಟ್ಟದ್ದನ್ನು ಸುಗಲಾಬಾಯಿ ಅದೇ ಮೊದಲು ನೋಡಿದಳು. ಗಡಿಗೆ ಬಿಸಿಲಿಗೆ ಸೀಳಿದರೆ ಬೇರೆಯದನ್ನು ತಂದು ಬೋರಲು ಹಾಕಿದಳು.

ಕ್ಯಾಟಲಾಗಿನಲ್ಲಿ ಕೊನೆಗೆ ಮೂರು ಉಳಿದವು. ಒಂದು, ತಗಡಿನ ಡಬ್ಬಿಯಂಥದು. ಅದಕ್ಕೆ ಒಂದೇ ತೂತು, ಒಂದೇ ವೇಗ. ಅದನ್ನು ವೈಜಿನಾಥ ಆಗಲೇ ಬಿಟ್ಟ. ಎರಡನೆಯದು ಮಡಚುವ ಕ್ಯಾಮೆರಾ, ಷಟರ್ ಇದ್ದದ್ದು, ಅವನು ಬಳಸುತ್ತಿದ್ದ ಅಳತೆಯ ಗಾಜಿನ ಪ್ಲೇಟುಗಳನ್ನೇ ಹಾಕುವಂಥದು. ಆದರೆ ಲೆನ್ಸಿನ ಬಾಯಿ ಸಣ್ಣದು. ಮೂರನೆಯದೂ ತಿದಿಯಿದ್ದು ಮಡಚುವಂಥದೇ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಸುರುಳಿ ಫಿಲಂ ಹಾಕಬೇಕು, ಒಂದು ಸುರುಳಿಗೆ ಎಂಟು ಫೋಟೋ. ಬಾಯಿ ನಾಲ್ಕೂವರೆ, ಒಂದು ಸೆಕೆಂಡನ್ನು ಇನ್ನೂರೈವತ್ತು ಪಾಲು ಮಾಡಿ ಅದರಲ್ಲಿ ಒಂದು ಪಾಲು ಮಾತ್ರ ತೆರೆಯುವ ಷಟರ್.

ಹಣಮಯ್ಯ ಕ್ಯಾಟಲಾಗು ಮಡಚಿ ತೊಡೆಯ ಮೇಲಿಟ್ಟುಕೊಂಡ.

“ಎರಡನೇದು ತಗೋರಿ ವೈಜಿನಾಥಪ್ಪ. ಷಟರೂ ಅದ, ನಿಮ್ಮ ಪ್ಲೇಟೂ ಹಿಡೀತಾವ. ಪ್ಲೇಟು ಹೈದರಾಬಾದದಾಗೇ ಸಿಗ್ತಾವ. ಮೂರನೇದರ ಫಿಲಂ ಪ್ರತಿ ಸಲ ಬೊಂಬಾಯಿಗೆ ಬರದು ತರಸ್ಬೇಕು.”

“ಎರಡನೇದರ ಬಾಯಿ ಸಣ್ಣದ್ರಿ. ನೆರಳಾಗ ಕೂಸು ನಕ್ಕರ ಸಿಗೂದಿಲ್ಲ.”

“ನೆರಳಾಗ ಯಾಕ? ಬಿಸಲಾಗ ಕೂಡಸ್ರಿ.”

“ಬಿಸಲಾಗ ಕೂಸು ನಗೂದಿಲ್ರಿ. ಕಣ್ಣು ಮುಚ್ತದ.”

ಹಣಮಯ್ಯ ಕಾಗದ ತೆಗೆದುಕೊಂಡ. ಬಾಳಮ್ಮನ ವಿಷಯ ಅವನಿಗೂ ಗೊತ್ತಿತ್ತು. ಮೂರನೆಯದಕ್ಕೇ ಪತ್ರ ಬರೆದ.

ಕ್ಯಾಮೆರಾ ತರಿಸಲು ಸುಗಲಾಬಾಯಿ ತವರಿನ ಬೆಳ್ಳಿಯ ಡಾಬು ಬಿಚ್ಚಿಕೊಟ್ಟಳು. ಅದು ಸಾಲದಾಗಿ ವೈಜಿನಾಥ ಹಳೆಯ ಕ್ಯಾಮೆರಾವನ್ನು ಮಾರಿದ. ಮೂರು ಕಾಲು, ಪ್ಲೇಟು ತೊಳೆಯುವ ದೊಡ್ಡ ತಟ್ಟೆಗಳು, ಬಳಸದೆ ಉಳಿದ ಪ್ಲೇಟುಗಳು ಎಲ್ಲ ಸೇರಿ ನಾರಾಯಣಖೇಡದ ತುಳಸಿರಾಮ ಎಂಬ ದರ್ಜಿಯ ಪಾಲಾದವು. ತುಳಸಿರಾಮ ಹೊಲಿಗೆಯ ಜೊತೆಗೆ ಇದನ್ನೂ ಮಾಡುವ ಆಸೆಯವನು. ವೈಜಿನಾಥ ಅವನ ಮನೆಯಲ್ಲಿ ನಾಲ್ಕು ದಿನ ಇದ್ದು ಪ್ಲೇಟು ತೊಳೆಯುವುದನ್ನೂ ಎಣಿಸುವುದನ್ನೂ ಕಲಿಸಿಕೊಟ್ಟು, ಖಾಲಿ ಕೈಯಲ್ಲಿ ಬಂಡಿ ಹತ್ತಿ ಬಂದ. ಹೆಗಲು ಹಗುರವಾಯಿತು ಎಂದು ಹೆಂಡತಿಗೆ ಹೇಳಿದನಂತೆ.

ಮೂವತ್ತೊಂಬತ್ತನೇ ಇಸವಿ ಯುಗಾದಿಯ ಮಾರನೆಯ ವಾರ ಪಾರ್ಸಲ್ ತಾಂಡೂರಿಗೆ ಬಂತು. ಕ್ಯಾಮೆರಾ, ಜೊತೆಗೆ ಆರು ಸುರುಳಿ ಫಿಲಂ.

ಆಮೇಲಿನ ನಾಲ್ಕೈದು ತಿಂಗಳು ವೈಜಿನಾಥ ಹಿಂದೆಂದೂ ಇರದ ಹಾಗೆ ಇದ್ದ. ತಾಂಡೂರಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಎತ್ತುವಾಗ ಹೆಣ್ಣಾಳೊಬ್ಬಳು ಕಿಸಕ್ಕನೆ ನಕ್ಕದ್ದನ್ನು ತೆಗೆದ. ಯಾಲಾಲದ ಹಾದಿಯಲ್ಲಿ ಹಳ್ಳ ಜಿಗಿಯುವ ಕುರಿ ನಾಲ್ಕು ಕಾಲೂ ನೆಲ ಬಿಟ್ಟದ್ದನ್ನು ತೆಗೆದ. ಇನ್ನೊಂದರಲ್ಲಿ ಜೋಳ ತೂರುತ್ತಿದ್ದ ಮುದುಕಿಯ ಮೊರದಿಂದ ಕಾಳು ಬೀಳುತ್ತಿರುವಾಗಲೇ ಗಾಳಿಯಲ್ಲಿ ನಿಂತುಬಿಟ್ಟಿತ್ತು. ಪಕ್ಕದ ಮನೆಯ ಕೂಸು ಚಪ್ಪರದ ನೆರಳಿನಲ್ಲಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕ ಫೋಟೋವನ್ನು ಸುಗಲಾಬಾಯಿ ಬಹಳ ಹೊತ್ತು ಹಿಡಿದುಕೊಂಡು ಕುಳಿತಳು. ಆಮೇಲೆ ಅದನ್ನು ಆ ಮನೆಯವರಿಗೆ ತಾನೇ ಕೊಟ್ಟು ಬಂದಳು.

ಆದರೆ ಕೊಳ್ಳುವವರು ಬರಲಿಲ್ಲ. ಫಿಲಂ ಎಷ್ಟು ಅಗಲವೋ ಫೋಟೋ ಅಷ್ಟೇ, ಅಂಗೈಯಷ್ಟು. ಅದನ್ನು ದೊಡ್ಡದು ಮಾಡುವ ಯಂತ್ರ ಬೇರೆ, ಅದು ಅವನ ಹತ್ತಿರ ಇರಲಿಲ್ಲ. ಕ್ಯಾಟಲಾಗು ಓದುವಾಗ ಅದರ ಕಡೆ ಲಕ್ಷ್ಯವೂ ಹೋಗಿರಲಿಲ್ಲ. ಬೆಲ್ಲದ ವ್ಯಾಪಾರಿ ವೀರಪ್ಪ ಇಡೀ ಮನೆಯವರನ್ನು ನಿಲ್ಲಿಸಿ ತೆಗೆಸಿಕೊಂಡ. ಫೋಟೋ ನೋಡಿ, ತನ್ನ ಮುಖ ಕಡಲೆಯಷ್ಟು ಬಂದಿದೆ, ಇದಕ್ಕೆ ಗೋಡೆಯ ಮೇಲೆ ಹಾರ ಎಲ್ಲಿ ಹಾಕುವುದು ಎಂದು ಹಿಂದಕ್ಕೆ ಕೊಟ್ಟ. ನಗುವ ಫೋಟೋ ಯಾರಿಗೂ ಬೇಡವಾಗಿತ್ತು. ದೊಡ್ಡವರು ಬಾಯಿ ತೆರೆದು ನಿಂತದ್ದನ್ನು ಗೋಡೆಗೆ ಹಾಕಿದರೆ ಬಂದವರು ಏನಂದಾರು ಎನ್ನುತ್ತಿದ್ದರು. ಸಾವಿನ ಮನೆಯವರು ಈಗ ನಾರಾಯಣಖೇಡಕ್ಕೆ, ತುಳಸಿರಾಮನಿಗೆ, ಆಳು ಕಳಿಸತೊಡಗಿದರು. ಆ ಕೆಲಸ ಹೋದದ್ದಕ್ಕೆ ವೈಜಿನಾಥ ಮೊದಮೊದಲು ಸಂಕಟಪಡಲಿಲ್ಲ. ಒಲೆ ಒಂದೇ ಹೊತ್ತು ಹೊತ್ತತೊಡಗಿದಾಗ ಸುಗಲಾಬಾಯಿ ಕಬ್ಬಿನ ಗಾಣದ ಕಡೆ ಕೂಲಿಗೆ ಹೋದಳು.

ಅದೇ ವರ್ಷ ವಿಲಾಯತಿಯಲ್ಲಿ ಯುದ್ಧ ಹತ್ತಿತು. ಬೊಂಬಾಯಿಯ ಅಂಗಡಿಯವರು ಮೊದಲು ಎರಡು ಕೇಳಿದರೆ ಒಂದು ಸುರುಳಿ ಕಳಿಸಿದರು. ಆಮೇಲೆ ಈ ಅಳತೆಯದು ಬರುತ್ತಿಲ್ಲ, ಬಂದಾಗ ತಿಳಿಸುತ್ತೇವೆ ಎಂದು ಬರೆದರು. ಹಣಮಯ್ಯ ತಿಂಗಳಿಗೊಂದು ಪತ್ರ ಹಾಕುತ್ತಲೇ ಇದ್ದ. ಬರುಬರುತ್ತ ಉತ್ತರವೂ ನಿಂತಿತು. ಗಾಜಿನ ಪ್ಲೇಟು ಮಾತ್ರ ಹೈದರಾಬಾದಿನಲ್ಲಿ ಕಷ್ಟಪಟ್ಟರೆ ಸಿಗುತ್ತಿತ್ತು. ತುಳಸಿರಾಮ ಒಂದು ಡಜನ್, ಅರ್ಧ ಡಜನ್ ಎಂದು ತಂದಿಟ್ಟುಕೊಳ್ಳುತ್ತಿದ್ದ. ಲೆನ್ಸು, ತೂತು, ಷಟರ್, ದೂರ ಎಲ್ಲವನ್ನೂ ವೈಜಿನಾಥ ಬೇರು ಸಮೇತ ತಿಳಿದುಕೊಂಡಿದ್ದ. ಫಿಲಂ ಯಾವ ದೇಶದಲ್ಲಿ ಆಗುತ್ತದೆ, ಯಾವ ಹಡಗಿನಲ್ಲಿ ಬರುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಯೋಚಿಸಿದವನು ಹಣಮಯ್ಯ, ಅವನ ಮಾತನ್ನು ಇವನು ದಾಟಿ ಹೋಗಿದ್ದ.

ಕೊನೆಯ ಒಂದು ಸುರುಳಿಯನ್ನು ವೈಜಿನಾಥ ತಗಡಿನ ಡಬ್ಬಿಯಲ್ಲಿ ಹಾಕಿ, ಜೋಳ ತುಂಬಿಡುವ ಹಗೇವಿನ ಪಕ್ಕ ತಂಪಿನ ಮೂಲೆಯಲ್ಲಿಟ್ಟ. ನಾಲ್ಕು ಬೇಸಿಗೆ ಅದು ಅಲ್ಲೇ ಇತ್ತು. ಫಿಲಂ ಬಿಸಿಲ ನಾಡಿನಲ್ಲಿ ಇಟ್ಟಷ್ಟೂ ಕುರುಡಾಗುತ್ತದೆ ಎಂಬುದು ಅವನಿಗೆ ತಿಳಿಯದ ಸಂಗತಿಯಲ್ಲ.

ನಲವತ್ಮೂರರಲ್ಲಿ ಒಂದು ದಿನ ಮರೆಮ್ಮ ಎಂಬ ಕುರುಬರ ಹೆಂಗಸು ಮಗನನ್ನು ಕರೆದುಕೊಂಡು ಬಂದಳು. ನಾಗಲಗಿದ್ದದ ಆಚೆಯ ಹಳ್ಳಿಯವಳು, ಗಂಡ ಇಲ್ಲದವಳು. ಮಗ ಅಮೋಘಸಿದ್ದನಿಗೆ ಇಪ್ಪತ್ತರ ಮೇಲಿನ ವಯಸ್ಸು. ಆಸಾಮದ ಕಡೆ ಫೌಜಿಗಾಗಿ ರಸ್ತೆ ಮಾಡುವ ಕೆಲಸಕ್ಕೆ ಆಳು ಸೇರಿಸುತ್ತಿದ್ದರು. ಅವನು ಹೆಸರು ಕೊಟ್ಟಿದ್ದ, ಮಾರನೆಯ ದಿನದ ರೈಲಿಗೆ ಹೊರಡುವವನಿದ್ದ. ಹೋಗುವ ಮುಂಚೆ ಅವನದೊಂದು ಫೋಟೋ ಬೇಕೆಂದು ಅವಳು ಎರಡು ದಿನ ನಡೆದು ಬಂದಿದ್ದಳು. ಕೊಡಲು ತಾನೇ ನೂಲು ತೆಗೆದು ನೇಯಿಸಿದ ಕಂಬಳಿ ತಂದಿದ್ದಳು.

ಫಿಲಂ ಹಳೆಯದಾಗಿದೆ ಎಂದು ವೈಜಿನಾಥ ಹೇಳಿದ. ಹಳೆಯದಾದರೆ ಏನು ಎಂದು ಅವಳು ಕೇಳಿದಳು. ಅವನು ಒಳಗೆ ಹೋದ. ಸುಗಲಾಬಾಯಿ ಅಂದು ಕೂಲಿಗೆ ಹೋಗಿರಲಿಲ್ಲ. ಅವಳೇ ಡಬ್ಬಿ ತೆಗೆದು ಅವನ ಕೈಗಿಟ್ಟಳು.

“ಇನ್ನ ಯಾರಿಗಂತ ಇಟ್ಟೀರಿ?” ಅಂದಳು.

ಅಮೋಘಸಿದ್ದ ತಲೆಗೆ ಹೊಸ ಪಟಗಾ ಸುತ್ತಿಕೊಂಡು ಚಪ್ಪರದ ಮುಂದೆ ನಿಂತ. ಕಲ್ಲಿನ ಕಂಬ ನಿಂತ ಹಾಗೆ ನಿಂತ. ಕುರಿ ಕಾಯುವವರಿಗೆ ನಿಲ್ಲುವುದು ಕಲಿಸಬೇಕಾಗಿಲ್ಲ. ಫಿಲಂ ಮಂದವಾಗಿದ್ದರೆ ಬೆಳಕು ಹೆಚ್ಚು ಬೇಕೆಂದು ವೈಜಿನಾಥ ಬಾಯಿ ಪೂರಾ ತೆರೆದ, ಷಟರ್ ನಿಧಾನ ಮಾಡಿದ, ಗಂಟಿನ ಹುರಿ ಹಿಡಿದು ದೂರ ಅಳೆದ. ಎಂಟಕ್ಕೆ ಎಂಟೂ ಅವನ ಮೇಲೇ ತೆಗೆದ, ಒಂದೊಂದಕ್ಕೆ ಒಂದೊಂದು ಅಳತೆ ಇಟ್ಟು. ಕೊನೆಯದಕ್ಕೆ ತಾಯಿ ಏನೋ ಅಂದಳು, ಅವನು ನಕ್ಕ. ಎಂಟು ದಿನ ಬಿಟ್ಟು ಬಜಾರದ ದಿನ ಬಾ ಯವ್ವಾ ಎಂದು ವೈಜಿನಾಥ ಕಳಿಸಿದ.

ಕೋಣೆ ಕತ್ತಲೆ ಮಾಡಿ, ಕೆಂಪು ಗಾಜಿನ ದೀಪದ ಮುಂದೆ ಫಿಲಂ ತೊಳೆದ. ಉದ್ದಕ್ಕೂ ಒಂದೇ ಬೂದು ಬಣ್ಣ. ಏಳರಲ್ಲಿ ಏನೂ ಇರಲಿಲ್ಲ. ಒಂದರಲ್ಲಿ ಬೂದಿಯೊಳಗೆ ಬೂದಿಯ ಹಾಗೆ ಒಂದು ಹೆಗಲು, ಅದರ ಮೇಲೆ ಪಟಗಾದ ಗೆರೆ. ಮುಖ ಇಲ್ಲ. ಅವನು ಅದನ್ನು ಕಾಗದಕ್ಕೆ ಇಳಿಸಿ ನೋಡಿದ, ಕಾಗದ ಬದಲಿಸಿ ನೋಡಿದ, ಬಿಸಿಲಲ್ಲಿ ಹೆಚ್ಚು ಹೊತ್ತು, ಕಡಿಮೆ ಹೊತ್ತು ಇಟ್ಟು ನೋಡಿದ.

ಬಜಾರದ ದಿನ ಮರೆಮ್ಮ ಬಂದಾಗ ಇನ್ನೂ ತೊಳೆದಿಲ್ಲ ಅಂದ. ಮುಂದಿನ ತಿಂಗಳು ಬಂದಾಗ ತೊಳೆಯುವ ಔಷಧ ಬಂದಿಲ್ಲ ಅಂದ. ಅವಳು ಹೌದೇನಪ್ಪಾ ಎಂದು, ನೀರು ಕುಡಿದು, ಬಂದ ದಾರಿ ಹಿಡಿದು ಹೋಗುತ್ತಿದ್ದಳು. ಒಂದು ಸಲವೂ ದನಿ ಏರಿಸಲಿಲ್ಲ. ಆ ದಿನಗಳಲ್ಲಿ ಸುಗಲಾಬಾಯಿ ಗಂಡನ ಜೊತೆ ಮಾತು ಬಿಟ್ಟಿದ್ದಳು.

ಏಳನೆಯ ಸಲ ಮರೆಮ್ಮ ಬಂದದ್ದು ಬಜಾರದ ದಿನ ಅಲ್ಲ. ಕೈಯಲ್ಲಿ ಮಡಚಿದ ಕಾಗದ ಇತ್ತು. ತಹಸೀಲಿನಲ್ಲಿ ಓದಿ ಹೇಳಿದ್ದಾರೆ, ಮಗ ಜ್ವರ ಬಂದು ಆ ಕಡೆಯೇ ತೀರಿಕೊಂಡನಂತೆ, ಮಣ್ಣೂ ಅಲ್ಲೇ ಮಾಡಿದರಂತೆ ಅಂದಳು. ಈಗಲಾದರೂ ಫೋಟೋ ಕೊಡು ಎಂದು ಕಟ್ಟೆಯ ಮೇಲೆ ಕುಳಿತಳು.

ವೈಜಿನಾಥ ನಿಂತೇ ಇದ್ದ.

“ಫೋಟೋ ಬಂದಿಲ್ಲ ಯವ್ವಾ. ಫಿಲಂ ಕೆಟ್ಟಿತ್ತು. ನಂಗ ಅವತ್ತೇ ಅನಸಿತ್ತು.”

“ಗೊತ್ತಿದ್ದೂ ಯಾಕ ನಿಲ್ಲಿಸಿದಿ ಅವನ್ನ?”

“ಎಂಟರಾಗ ಒಂದರೆ ಬಂದೀತು ಅಂತ.”

ಅವಳು ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು:

“ನಾರಾಯಣಖೇಡ ಹಾದ್ಯಾಗೇ ಇತ್ತಪ್ಪ. ಅಲ್ಲಿ ದರ್ಜಿ ತೆಗೀತಿದ್ದ. ನಿಂದು ಹೊಸಾದು, ಚಲೋ ಬರ್ತದ ಅಂದ್ರು. ಅದಕ್ಕ ಅವನ್ನ ಇಲ್ಲೀತನ ನಡಸ್ಕೊಂಡು ಬಂದೆ.”

ವೈಜಿನಾಥ ಆ ಬೂದು ಕಾಗದವನ್ನೂ ಕಂಬಳಿಯನ್ನೂ ತಂದು ಅವಳ ಮುಂದಿಟ್ಟ. ಕಾಗದವನ್ನು ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹೆಗಲು ಎಲ್ಲಿದೆ ಎಂದು ಅವನು ಬೆರಳಿಟ್ಟು ತೋರಿಸಿದ. ಅವಳಿಗೆ ಕಾಣಲಿಲ್ಲವೋ, ಕಂಡರೂ ಅದು ಮಗ ಅನ್ನಿಸಲಿಲ್ಲವೋ, ಕಟ್ಟೆಯ ಮೇಲೇ ಬಿಟ್ಟಳು. ಕಂಬಳಿಯನ್ನು ಮಡಿಕೆ ಸರಿಮಾಡಿ ಹೆಗಲಿಗೆ ಹಾಕಿಕೊಂಡು ಹೋದಳು. ಮತ್ತೆ ಬರಲಿಲ್ಲ.

ಒಂದು ಲೆಕ್ಕ ಮಾತ್ರ ವೈಜಿನಾಥನನ್ನು ಬಿಡಲಿಲ್ಲ. ಅಮೋಘಸಿದ್ದ ಅಲುಗಾಡದೆ ನಿಂತಿದ್ದ. ಏಕ್, ದೋ, ತೀನ್ ಅಲ್ಲ, ಹತ್ತು ಎಣಿಸಿದ್ದರೂ ನಿಲ್ಲುತ್ತಿದ್ದ. ಹಳೆಯ ಪೆಟ್ಟಿಗೆ ಇದ್ದಿದ್ದರೆ, ಒಂದೇ ಒಂದು ಪ್ಲೇಟು ಇದ್ದಿದ್ದರೆ, ಅವನ ಪಟಗಾದ ಎಳೆ ಎಳೆಯೂ ಬರುತ್ತಿತ್ತು. ಇದನ್ನು ಅವನು ಹಣಮಯ್ಯನಿಗೆ ಎರಡು ಮೂರು ಸಲ ಹೇಳಿದ.

ಚಪ್ಪರದ ತಗಡು ಬಿಚ್ಚಿ ಮಾರಿ, ಕೋಣೆ ಖಾಲಿ ಮಾಡಿ, ಗಂಡ ಹೆಂಡತಿ ತಾಂಡೂರಿಗೆ ಹೋದರು. ಅಲ್ಲಿ ಕಲ್ಲು ಮಾರುವವರ ಒಂದು ಅಂಗಳದಲ್ಲಿ ಹಣಮಯ್ಯ ಅವನಿಗೆ ಕೆಲಸ ಕೊಡಿಸಿದ. ರೈಲಿಗೆ ಹೇರುವ ಫರಸಿ ಕಲ್ಲುಗಳ ಮೇಲೆ ಕೆಂಪು ಬಣ್ಣದಿಂದ ಅಂಕಿ ಬರೆಯುವ ಕೆಲಸ. ಬೂದು ಕಲ್ಲಿನ ಮೇಲೆ ಹೊಳೆಯುವ ಬಿಸಿಲಿಗೆ ಎರಡು ವರ್ಷದಲ್ಲಿ ಅವನ ಕಣ್ಣಲ್ಲಿ ಸದಾ ನೀರು ಸುರಿಯತೊಡಗಿತು. ಸುಗಲಾಬಾಯಿ ಮನೆಯಲ್ಲಿ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು.

ಯುದ್ಧ ಮುಗಿದ ಮರುವರ್ಷ ಬೊಂಬಾಯಿಯಿಂದ ಪತ್ರ ಬಂತು. ಆ ಅಳತೆಯ ಫಿಲಂ ಮತ್ತೆ ಬಂದಿದೆ, ಎಷ್ಟು ಬೇಕು ತಿಳಿಸಿ ಎಂದು. ಹಣಮಯ್ಯ ಕೆಲಸದ ನಡುವೆಯೇ ಎದ್ದು ಪತ್ರ ಹಿಡಿದುಕೊಂಡು ಅಂಗಳಕ್ಕೆ ಬಂದ. ಇಬ್ಬರೂ ಮನೆಗೆ ಹೋಗಿ ಟ್ರಂಕು ತೆಗೆದರು. ಮೂರು ವರ್ಷದಿಂದ ಮುಟ್ಟದ ಕ್ಯಾಮೆರಾ. ಮುಂದಿನ ಬಾಗಿಲು ತೆರೆಯುತ್ತಲೇ ತಿದಿ ಮಡಿಕೆ ಮಡಿಕೆಯಾಗಿ ಹರಿದು ಕೈಗೆ ಬಂತು, ಹುಳು ತಿಂದಿತ್ತು. ಲೆನ್ಸಿನ ಒಳಗೆ ಬೂಜು ಕಟ್ಟಿತ್ತು. ಷಟರ್ ಒತ್ತಿದರೆ ಎಲೆಗಳು ಅರ್ಧ ತೆರೆದು ಹಾಗೇ ನಿಂತವು.

ಹೊಸ ತಿದಿ ಹಾಕಿಸಬಹುದು, ಹೈದರಾಬಾದಿನಲ್ಲಿ ಯಾರಾದರೂ ಇದ್ದಾರು ಎಂದು ಹಣಮಯ್ಯ ಅಂದ. ವೈಜಿನಾಥ ಕಣ್ಣು ಒರೆಸಿಕೊಂಡ. ಅದು ಅಳುವೋ ಬಿಸಿಲಿನ ನೀರೋ ಹಣಮಯ್ಯನಿಗೆ ತಿಳಿಯಲಿಲ್ಲ.

“ಬ್ಯಾಡ ಅಂತ ಬರದುಬಿಡ್ರಿ,” ಅಂದ. “ವ್ಯಾಗನ್ ಬರೂ ಹೊತ್ತಾತು.”

ಹಣಮಯ್ಯ ಅಂದೇ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ಅಂಚೆಗೆ ಹಾಕಿದ. ವೈಜಿನಾಥ ಅಂಗಳಕ್ಕೆ ಹೋಗಿ, ಒಣಗಿದ ಕುಂಚವನ್ನು ಎಣ್ಣೆಯಲ್ಲಿ ನೆನೆಹಾಕಿ, ಉಳಿದ ಕಲ್ಲುಗಳಿಗೆ ಅಂಕಿ ಬರೆಯಲು ಕುಳಿತ.